ಚೆಂಡು ಕುಳಿ ತಪ್ಪಿದ ಮೇಲೆ

ಗಾಲ್ಫ್ ಕಲಿಸುವ ಕೆಲಸಕ್ಕೆ ಸೇರುವವರಿಗೆ ಈಗ ತರಬೇತಿ ಇದೆ, ಪರೀಕ್ಷೆ ಇದೆ, ಗೋಡೆಗೆ ನೇತುಹಾಕಲು ಪ್ರಮಾಣಪತ್ರವೂ ಇದೆ. ಕೋಲು ಹೇಗೆ ಹಿಡಿಯಬೇಕು, ಸೊಂಟ ಎಷ್ಟು ತಿರುಗಬೇಕು, ಮೈಭಾರ ಯಾವ ಕಾಲಿನ ಮೇಲಿರಬೇಕು ಎಂಬುದನ್ನೆಲ್ಲ ಅಲ್ಲಿ ಚೆನ್ನಾಗಿ ಹೇಳಿಕೊಡುತ್ತಾರೆ. ಊರಲ್ಲಿ ನಾಲ್ಕು ಜನ ಎದ್ದು ನಿಂತು ನಮಸ್ಕರಿಸುವಂಥ ಹಿರಿಯರೊಬ್ಬರು ಒಂದು ಚೆಂಡು ತಪ್ಪಿತೆಂದು ಕಣ್ಣಲ್ಲಿ ನೀರು ತಂದುಕೊಂಡು ನಿಂತಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ನನ್ನ ಕೆಲಸದ ಮುಕ್ಕಾಲು ಪಾಲು ಅದೇ ಆಗಿತ್ತು. ಹೋದ ವರ್ಷ ನಿವೃತ್ತನಾದೆ. ನನಗೆ ಆ ಮುಕ್ಕಾಲು ಪಾಲನ್ನು ಯಾರು ಕಲಿಸಿದರು, ನಾನು ಎಲ್ಲೆಲ್ಲಿ ಎಡವಿದೆ ಎಂಬುದನ್ನು ಹೊಸಬರಿಗಾಗಿ ಬರೆದಿಡುತ್ತಿದ್ದೇನೆ.

ನಮ್ಮ ಮೈದಾನ ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ರಾಯಾಪುರ ದಾಟಿದ ಮೇಲೆ ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗಿದೆ. ಒಂಬತ್ತು ಕುಳಿಗಳ ಸಣ್ಣ ಮೈದಾನ. ಚೆಂಡನ್ನು ದೂರದಿಂದ ಹೊಡೆಯುತ್ತ ಹೊಡೆಯುತ್ತ ಒಂದೊಂದೇ ಕುಳಿಗೆ ಬೀಳಿಸಬೇಕು; ಕಡಿಮೆ ಏಟಿನಲ್ಲಿ ಮುಗಿಸಿದವರು ಗೆದ್ದಂತೆ. ಆಟದ ನಿಯಮ ಇಷ್ಟೇ. ಆದರೆ ಎದುರಾಳಿ ನಮ್ಮ ಚೆಂಡನ್ನು ಮುಟ್ಟುವುದಿಲ್ಲ, ಯಾರೂ ನಮ್ಮನ್ನು ತಳ್ಳುವುದಿಲ್ಲ, ಚೆಂಡು ನಿಂತಲ್ಲೇ ನಿಂತು ನಮಗಾಗಿ ಕಾಯುತ್ತದೆ. ತಪ್ಪಿದರೆ ದೂರಲು ಒಬ್ಬರೂ ಸಿಗುವುದಿಲ್ಲ. ಅದಕ್ಕೇ ಈ ಆಟದಲ್ಲಿ ಬರುವಷ್ಟು ಸಿಟ್ಟು ಕುಸ್ತಿಯಲ್ಲೂ ಬರುವುದಿಲ್ಲ.

ನಾನು ಬಡಿಗರ ಮನೆಯವನು. ಕೆಲಗೇರಿಯಲ್ಲಿ ನಮ್ಮಪ್ಪ ಬಾಗಿಲು, ಕಿಟಕಿ, ತೊಟ್ಟಿಲು ಮಾಡುತ್ತಿದ್ದರು. ಆ ಕಾಲದಲ್ಲಿ ದೂರ ಹೊಡೆಯುವ ಗಾಲ್ಫ್ ಕೋಲುಗಳಿಗೆ ಕಟ್ಟಿಗೆಯ ತಲೆ ಇರುತ್ತಿತ್ತು. ಸೀಳಿದ ತಲೆಗಳನ್ನು ಸರಿಮಾಡಿಕೊಡಲು ಮೈದಾನದ ಕಾರ್ಯದರ್ಶಿ ಕುಲಕರ್ಣಿ ಸಾಹೇಬರು ಅಪ್ಪನಿಗೆ ಹೇಳಿಕಳಿಸಿದರು. ಅಪ್ಪನಿಗೆ ಯಾವುದೋ ಮದುವೆ ಮನೆಯ ಮಂಚ ಮುಗಿಸುವುದಿತ್ತು, ನನ್ನನ್ನು ಕಳಿಸಿದರು. ಆಗ ನನಗೆ ಇಪ್ಪತ್ತೆರಡು. ಎರಡು ದಿನದ ಕೆಲಸ ಎಂದುಕೊಂಡು ಹೋದವನು ಅಲ್ಲೇ ಉಳಿದೆ.

ಸದಸ್ಯರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಕೋಲುಗಳು. ಚೆಂಡಿಗೆ ತಾಗಿ ತಾಗಿ ಸವೆದ ತಲೆ ಬೇರೆ, ಬೇವಿನ ಮರಕ್ಕೆ ಬಡಿದು ಸೀಳಿದ ತಲೆ ಬೇರೆ. ತಂದುಕೊಡುವವರು ಅದು ತಾನಾಗಿಯೇ ಬಿರುಕು ಬಿಟ್ಟಿತು ಎನ್ನುತ್ತಿದ್ದರು. ಬಿರುಕಿನಲ್ಲಿ ಮರದ ತೊಗಟೆಯ ಚೂರು ಇನ್ನೂ ಸಿಕ್ಕಿಕೊಂಡಿರುತ್ತಿತ್ತು. ನಾನು ಏನೂ ಹೇಳದೆ ತೊಗಟೆ ಕಿತ್ತು, ಸರೇಸಿನ ಅಂಟು ಹಾಕಿ, ದಾರ ಸುತ್ತಿ ಕೊಡುತ್ತಿದ್ದೆ. ಸರಿಹೋಯಿತೋ ಇಲ್ಲವೋ ನೋಡಲು ಸಂಜೆ ಎಲ್ಲರೂ ಹೋದ ಮೇಲೆ ನಾಲ್ಕು ಚೆಂಡು ಹೊಡೆಯುತ್ತಿದ್ದೆ. ಹಾಗೆ ಹೊಡೆಯುತ್ತ ನನಗೆ ಆಟ ಬಂತು. ಕುಲಕರ್ಣಿ ಸಾಹೇಬರು ಒಂದು ಸಂಜೆ ಅದನ್ನು ನೋಡಿದರು, ಬೈಯಲಿಲ್ಲ. ಮರುದಿನ ತಮ್ಮ ಹಳೆಯ ಚೆಂಡುಗಳ ಚೀಲವನ್ನು ನಾನು ಕೋಲು ಸರಿಮಾಡುತ್ತ ಕೂರುತ್ತಿದ್ದ ಚಪ್ಪರದಲ್ಲಿ ಇಟ್ಟು ಹೋಗಿದ್ದರು. ಐದಾರು ವರ್ಷಗಳಲ್ಲಿ ನಾನೇ ಸದಸ್ಯರಿಗೆ ಕಲಿಸುವ ಮಾಸ್ತರನಾದೆ. ನನ್ನ ಬಡ್ತಿಯ ಕಥೆ ಇಷ್ಟು ಸಾಕು.

ಕುಲಕರ್ಣಿ ಸಾಹೇಬರು ಧಾರವಾಡದ ಸರಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಇಡೀ ಮೈದಾನದಲ್ಲಿ ಅವರಷ್ಟು ಕೆಟ್ಟದಾಗಿ ಆಡುವವರು ಇನ್ನೊಬ್ಬರಿರಲಿಲ್ಲ. ಅವರು ಹೊಡೆದ ಚೆಂಡು ಹೆಚ್ಚಾಗಿ ಜಾಲಿಯ ಪೊದೆಗೇ ಹೋಗುತ್ತಿತ್ತು. ಹೋದ ದಿಕ್ಕನ್ನು ಒಮ್ಮೆ ನೋಡಿ "ಹೋತು" ಎನ್ನುತ್ತಿದ್ದರು, ನಡೆಯುತ್ತಿದ್ದರು. ಅವರ ಬಾಯಿಂದ ಅದಕ್ಕಿಂತ ಹೆಚ್ಚಿನ ಮಾತು ನಾನು ಕೇಳಲಿಲ್ಲ.

ಒಮ್ಮೆ ಬೆಳಗಾವಿಯ ಮೈದಾನದವರು ನಮ್ಮಲ್ಲಿಗೆ ಪಂದ್ಯಕ್ಕೆ ಬಂದರು. ಸದಸ್ಯರು ಸದಸ್ಯರೊಡನೆ ಆಡಿದರು. ಕೊನೆಗೆ ಅವರ ನೌಕರ ಪರಶುರಾಮ ಮತ್ತು ನಾನು. ಕುಲಕರ್ಣಿ ಸಾಹೇಬರು ತಮ್ಮ ತಂದೆಯಿಂದ ಬಂದ, ಕಟ್ಟಿಗೆಯ ಹಿಡಿಕೆಯ ಸಣ್ಣ ಕೋಲನ್ನು ಆ ದಿನ ನನಗೆ ಕೊಟ್ಟಿದ್ದರು. ಕುಳಿಯ ಹತ್ತಿರ ಬಂದ ಚೆಂಡನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸುವುದಕ್ಕೆ ಪಟ್ ಎನ್ನುತ್ತಾರೆ. ಅದಕ್ಕೆಂದೇ ಇರುವ ಕೋಲು ಅದು.

ಕೊನೆಯ ಕುಳಿಗೆ ಬಂದಾಗ ಇಬ್ಬರದೂ ಸಮ. ನನ್ನ ಚೆಂಡು ಕುಳಿಯಿಂದ ಒಂದು ಮೊಳ ದೂರದಲ್ಲಿತ್ತು. ಆಗ ನಮ್ಮಲ್ಲಿ ಕುಳಿಯ ಸುತ್ತ ಹುಲ್ಲು ಇರಲಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಡುವ ಎರೆಮಣ್ಣಿಗೆ ನೀರು ಹಾಕಿ ಪೂರೈಸುವುದಿಲ್ಲ ಎಂದು, ಮರಳಿಗೆ ಹಳೆಯ ಎಂಜಿನ್ ಎಣ್ಣೆ ಕಲಸಿ ಹಾಸುತ್ತಿದ್ದೆವು. ಆ ಕಪ್ಪು ಮರಳನ್ನು ಬೆಳಿಗ್ಗೆ ಗೋಣಿತಟ್ಟು ಎಳೆದು ಸಪಾಟು ಮಾಡಿದವನು ನಾನೇ. ಅದರ ಒಂದೊಂದು ಉಬ್ಬೂ ನನಗೆ ಗೊತ್ತಿತ್ತು. ಆದರೂ ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು. ಪರಶುರಾಮ ತನ್ನದನ್ನು ಬೀಳಿಸಿದ. ಚಪ್ಪಾಳೆ ಕೇಳಿತು. ನಾನು ಏನು ಮಾಡುತ್ತಿದ್ದೇನೆಂದು ನನಗೆ ತಿಳಿಯುವುದರೊಳಗೆ ಸಾಹೇಬರ ಕೋಲನ್ನು ಗಡಿಯ ಕಲ್ಲಿಗೆ ಬಡಿದಿದ್ದೆ. ಹಿಡಿಕೆ ಎರಡು ತುಂಡಾಯಿತು. ಯಾರ ಮುಖವನ್ನೂ ನೋಡದೆ ಚಪ್ಪರಕ್ಕೆ ಹೋಗಿ ಕೂತೆ.

ಅತಿಥಿಗಳನ್ನು ಕಳಿಸಿ ಸಾಹೇಬರು ಬಂದರು. ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು, ಹೊಸ ಹಿಡಿಕೆ ಮಾಡಿಕೊಡುತ್ತೇನೆಂದು ಹೇಳಿದೆ.

"ಕೋಲಿನ ಮಾತು ಬಿಡು" ಎಂದರು ಅವರು. "ಇಂಥಾವು ನೀ ನಾಕು ಮಾಡಿ ಕೊಡ್ತಿ. ನಿನ್ನ ಎದುರು ಆಡಿದಾಂವ ಕೈ ಚಾಚಿ ನಿಂತಿದ್ದ. ನೀ ನೋಡ್ಲಿಲ್ಲ. ನಾ ನೋಡ್ದೆ."

ನಾನು ತುಂಡುಗಳನ್ನು ಕೆಳಗಿಟ್ಟೆ.

"ನಾಳೆ ಮುಂಜಾನೆ ಬಸ್ಸಿಗೆ ಬೆಳಗಾವಿಗೆ ಹೋಗು. ಆ ಕೈ ಹಿಡದು ಬಾ."

ಹೋದೆ. ದಾರಿಯುದ್ದಕ್ಕೂ ಅವಮಾನವಾಗುತ್ತಿತ್ತು. ಅಲ್ಲಿ ಪರಶುರಾಮ ಹುಲ್ಲು ಕೊಯ್ಯುತ್ತಿದ್ದ. ನನ್ನನ್ನು ಕಂಡು ಜಗಳಕ್ಕೆ ಬಂದನೆಂದುಕೊಂಡು ಕುಡುಗೋಲು ಹಿಡಿದೇ ಎದ್ದು ನಿಂತ. ನಾನು ಬಂದ ಕಾರಣ ಹೇಳಿ ಕೈ ಚಾಚಿದೆ. ಅವನು ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನನ್ನ ಕೈ ಹಿಡಿದ, ಬಹಳ ಹೊತ್ತು ಬಿಡಲಿಲ್ಲ. ತನ್ನ ಡಬ್ಬಿಯ ರೊಟ್ಟಿಯನ್ನು ಇಬ್ಬರಿಗೂ ಹಂಚಿದ. ಉಣ್ಣುವಾಗ ಒಂದು ಮಾತು ಹೇಳಿದ:

"ನಾನೂ ಮೂರು ಕೋಲು ಮುರದೇನ್ರಿ ಅಣ್ಣಾ. ನನ್ನ ಯಾರೂ ಬಸ್ ಹತ್ತಿಸಿ ಕಳಸಲಿಲ್ಲ. ನಿಮಗ ಛಲೋ ಹಿರ್ಯಾರು ಸಿಕ್ಕಾರ."

ಆ ದಿನದ ನಂತರ ನಾನು ಕೋಲು ಮುರಿಯಲಿಲ್ಲ. ಆದರೆ ಸಿಟ್ಟಿಗೆ ಕೋಲೇ ಬೇಕೆಂದೇನಿಲ್ಲ, ನಾಲಿಗೆ ಸಾಕು. ಅದನ್ನು ಕಲಿಯಲು ಇನ್ನೂ ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಕುಲಕರ್ಣಿ ಸಾಹೇಬರು ತೀರಿಕೊಂಡಿದ್ದರು. ಕೊಳವೆಬಾವಿ ಬಂದು ಕಪ್ಪು ಮರಳು ಹೋಗಿ ಹುಲ್ಲು ಬಂದಿತ್ತು. ಕಟ್ಟಿಗೆಯ ತಲೆಗಳು ಹೋಗಿ ಲೋಹದವು ಬಂದಿದ್ದವು. ನನ್ನ ಸರೇಸಿನ ಡಬ್ಬಿ ಒಣಗಿ ಕಲ್ಲಾಗಿತ್ತು.

ಹುಬ್ಬಳ್ಳಿಯ ಅರಳೆ ವ್ಯಾಪಾರಿ ಅಂದಾನೆಪ್ಪನವರು ಕಲಿಯಲು ಬಂದರು. ದೊಡ್ಡ ಮೈಯ, ಸಣ್ಣ ದನಿಯ ಮನುಷ್ಯ. ಒಂದು ವರ್ಷ ಕಲಿಸಿದರೂ ಅವರ ಚೆಂಡು ನೆಲ ಬಿಟ್ಟು ಮೇಲೇಳಲಿಲ್ಲ. ತಲೆ ಎತ್ತಬೇಡಿ ಎಂದರೆ ಎತ್ತುತ್ತಿದ್ದರು, ಮೊಣಕೈ ಮಡಿಸಬೇಡಿ ಎಂದರೆ ಮಡಿಸುತ್ತಿದ್ದರು. ತಪ್ಪಿದಾಗಲೆಲ್ಲ ನನ್ನ ಕಡೆ ತಿರುಗಿ ನಗುತ್ತಿದ್ದರು. ಆ ನಗು ನೋಡಿ ನನಗೆ ಒಳಗೊಳಗೇ ಉರಿಯುತ್ತಿತ್ತು. ನಾನು ಹೇಳುವುದನ್ನು ಇವರು ಲಘುವಾಗಿ ತೆಗೆದುಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಒಂದು ಬೆಳಿಗ್ಗೆ ನಾಲ್ಕು ಜನರ ಎದುರು ಅಂದುಬಿಟ್ಟೆ, ಈ ಆಟ ನಿಮಗೆ ಬರುವುದಿಲ್ಲ, ನಿಮ್ಮ ಹೊತ್ತೂ ಹಾಳು, ನನ್ನ ಹೊತ್ತೂ ಹಾಳು ಎಂದು. ಅವರು ಆಗಲೂ ನಕ್ಕರು. ಕೋಲನ್ನು ಚೀಲಕ್ಕೆ ಹಾಕಿದರು, ಚೀಲವನ್ನು ಅಲ್ಲೇ ಒರಗಿಸಿ ಹೋದರು. ಎರಡು ವಾರವಾದರೂ ಬರಲಿಲ್ಲ.

ಅವರ ಚೀಲ ಹೊರುತ್ತಿದ್ದವನು ಯಲ್ಲಪ್ಪ. ನನ್ನ ಓರಗೆಯವನೇ, ಮೈದಾನದ ಎಲ್ಲರಿಗಿಂತ ಹಳೆಯ ಕ್ಯಾಡಿ. ಅವನೇ ನನಗೆ ವಿಷಯ ಹೇಳಿದ. ಅಂದಾನೆಪ್ಪನವರಿಗೆ ಎದೆಯ ಆಪರೇಶನ್ ಆಗಿತ್ತಂತೆ. ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ. ಸುಮ್ಮನೆ ನಡೆದರೆ ಎದೆಯದೇ ಚಿಂತೆ ಬರುತ್ತದೆಂದು ಚೆಂಡಿನ ಬೆನ್ನುಹತ್ತಿ ನಡೆಯುತ್ತಿದ್ದರಂತೆ. ಚೆಂಡು ಮೇಲೆದ್ದರೆಷ್ಟು, ಉರುಳಿದರೆಷ್ಟು. ಅವರು ಆ ಬೆಳಿಗ್ಗೆಯೂ ಬದುಕಿದ್ದರು, ಅದಕ್ಕೇ ನಗುತ್ತಿದ್ದರು.

ನಾನು ಆ ಸಂಜೆಯೇ ಬಸ್ ಹಿಡಿದು ಹುಬ್ಬಳ್ಳಿಯ ಅರಳೆ ಪೇಟೆಗೆ ಹೋದೆ. ಅಂದಾನೆಪ್ಪನವರು ಗಾದಿಯ ಮೇಲೆ ಕೂತು ರೈತರು ತಂದ ಅರಳೆಯ ಮಾದರಿ ನೋಡುತ್ತಿದ್ದರು. ಚಹಾ ತರಿಸಿದರು. ತಪ್ಪಾಯಿತು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಹಿಡಿ ಅರಳೆಯನ್ನು ನನ್ನ ಕೈಗಿಟ್ಟರು.

"ಮಾಸ್ತರ್ರ, ಇದರ ಎಳಿ ಎಷ್ಟ ಉದ್ದ ಐತಿ ಹೇಳ್ರಿ ನೋಡೋಣು."

ನಾನು ಎಳೆದೆ, ಹಿಂಜಿದೆ, ಬೆಳಕಿಗೆ ಹಿಡಿದೆ. ಏನೂ ತಿಳಿಯಲಿಲ್ಲ. ಅವರು ಒಂದು ಚಿಟಿಕೆಯಷ್ಟು ತೆಗೆದುಕೊಂಡು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಮತ್ತೆ ಜೋಡಿಸಿ ಎಳೆದು, ನನ್ನ ಕರಿ ಪ್ಯಾಂಟಿನ ಮೇಲೆ ಎಳೆಗಳನ್ನು ಸಾಲಾಗಿ ಹಾಸಿ ತೋರಿಸಿದರು. ಅಳತೆಪಟ್ಟಿಯಿಂದ ಗೆರೆ ಎಳೆದಂತಿತ್ತು. ಹತ್ತಿ ಯಾವ ಕಡೆಯ ಹೊಲದ್ದು, ಅಲ್ಲಿ ಮಳೆ ತಡವಾಗಿ ಬಿದ್ದಿತ್ತೇ ಎಂಬುದನ್ನೂ ಹೇಳಿದರು.

"ನಾಕು ವರ್ಷ ಈ ಗಾದಿ ಮ್ಯಾಲೆ ಕುಂತ್ರ ನಿಮಗೂ ಬರ್ತೈತ್ರಿ" ಎಂದರು. ದನಿಯಲ್ಲಿ ಕುಟುಕು ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಮರುದಿನ ಅವರು ಬಂದರು. ಈಗಲೂ ಬರುತ್ತಾರೆ, ಚೆಂಡು ಈಗಲೂ ಉರುಳುತ್ತಲೇ ಹೋಗುತ್ತದೆ. ನಮ್ಮ ಮುಂದೆ ಏನೂ ಬಾರದವರಂತೆ ನಿಲ್ಲುವ ಪ್ರತಿಯೊಬ್ಬರೂ ಬೇರೆಲ್ಲೋ ಯಾವುದೋ ಕೆಲಸದಲ್ಲಿ ಪಳಗಿದವರು. ಅವರು ಚಪ್ಪಲಿ ಬಿಟ್ಟು ಬರುವ ಹಾಗೆ ಆ ಹೆಚ್ಚುಗಾರಿಕೆಯನ್ನು ಗೇಟಿನ ಹೊರಗೆ ಬಿಟ್ಟು ನಮ್ಮೆದುರು ದಡ್ಡರಾಗಲು ಒಪ್ಪಿ ಬಂದಿರುತ್ತಾರೆ. ಅದು ಸಣ್ಣ ವಿಷಯವಲ್ಲ. ಕಲಿಸುವವರು ಇದನ್ನು ಮೊದಲ ದಿನವೇ ತಿಳಿದುಕೊಂಡರೆ ಒಳ್ಳೆಯದು.

ಇನ್ನು ಡಾಕ್ಟರ್ ಸುಮಿತ್ರಾಬಾಯಿಯವರ ವಿಷಯ. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿದ್ದೇನೆ. ರೋಗದ ಹೆಸರೊಂದನ್ನು ಬಿಟ್ಟು ಉಳಿದುದನ್ನು ಬರೆಯಿರಿ ಎಂದಿದ್ದಾರೆ.

ಅವರು ಧಾರವಾಡದವರು, ಹೊಟ್ಟೆಯ ಆಪರೇಶನ್ ಮಾಡುವ ಡಾಕ್ಟರು. ಇಪ್ಪತ್ತು ವರ್ಷಗಳಿಂದ ವಾರಕ್ಕೆ ಎರಡು ಸಲ ಆಡಲು ಬರುತ್ತಿದ್ದರು. ದೂರದ ಹೊಡೆತ ಸಾಧಾರಣ. ಆದರೆ ಕುಳಿಯ ಹತ್ತಿರ ಬಂದರೆಂದರೆ ಅವರ ಕೈ ನೋಡಬೇಕು. ಹೂವು ಎತ್ತಿಡುವ ಹಾಗೆ ಚೆಂಡನ್ನು ಉರುಳಿಸುತ್ತಿದ್ದರು. ತಪ್ಪಿದರೆ ಸಣ್ಣಗೆ ನಕ್ಕು ಮುಂದೆ ಹೋಗುತ್ತಿದ್ದರು. ಸಿಟ್ಟಿನ ಗಿರಾಕಿಗಳಿಗೆ ನಾನು ಅವರನ್ನೇ ತೋರಿಸುತ್ತಿದ್ದೆ. ಯಲ್ಲಪ್ಪ ಅವರ ಚೀಲವನ್ನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಅವನ ಹೆಂಡತಿಯ ಹೊಟ್ಟೆಯ ಗಡ್ಡೆ ತೆಗೆದು ಬದುಕಿಸಿದವರು ಅವರು.

ನನ್ನ ನಿವೃತ್ತಿಗೆ ಒಂದೂವರೆ ವರ್ಷ ಇದ್ದಾಗ ಅವರ ಪಟ್ ಕೆಡತೊಡಗಿತು. ಎರಡು ಮೊಳದ ಚೆಂಡು ತಪ್ಪುತ್ತಿತ್ತು, ಒಂದು ಮೊಳದ್ದೂ ತಪ್ಪುತ್ತಿತ್ತು. ನಗು ನಿಂತಿತು. ತಪ್ಪಿದಾಗ ಹಲ್ಲು ಕಚ್ಚುತ್ತಿದ್ದರು, ಕೋಲನ್ನು ಚೀಲಕ್ಕೆ ಎಸೆಯುತ್ತಿದ್ದರು. ವಯಸ್ಸಾದ ಹಾಗೆ ಎಲ್ಲರಿಗೂ ಹೀಗಾಗುತ್ತದೆ ಎಂದು ನಾನು ಸುಮ್ಮನಿದ್ದೆ. ಒಂದು ದಿನ ಏಳನೆಯ ಕುಳಿಯ ಹತ್ತಿರ ತೀರ ಸುಲಭದ ಪಟ್ ಒಂದು ತಪ್ಪಿತು. ಅವರು ಯಲ್ಲಪ್ಪನ ಕಡೆ ತಿರುಗಿದರು.

"ನೆರಳು ಹಾಕಬ್ಯಾಡ ಅಂತ ನಿನಗ ಎಷ್ಟ ಸಲ ಹೇಳಬೇಕು?"

ಜೊತೆಗೆ ಆಡುತ್ತಿದ್ದವರು ನೆಲ ನೋಡತೊಡಗಿದರು. ಯಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಆ ದಿನ ಬೆಳಗಿನಿಂದ ಮೋಡ ಕವಿದಿತ್ತು. ಮೈದಾನದಲ್ಲಿ ಯಾರ ನೆರಳೂ ಬಿದ್ದಿರಲಿಲ್ಲ.

ಅವರು ಹೋದ ಮೇಲೆ ನಾನು ಯಲ್ಲಪ್ಪನಿಗೆ ಸಮಾಧಾನ ಹೇಳಲು ಹೋದೆ. ಅವನಿಗೆ ಸಿಟ್ಟು ಬಂದಿರಲಿಲ್ಲ, ಹೆದರಿಕೆಯಾಗಿತ್ತು. "ಬಾಯಾರು ಹಂಗ ಅನ್ನೂವರಲ್ರಿ ಮಾಸ್ತರ. ಅವರಿಗೇನೋ ಆಗೈತಿ" ಎಂದ.

ಆ ಹೊತ್ತಿಗೆ ಕಲಿಸುವ ರೀತಿಯೇ ಬದಲಾಗಿತ್ತು. ಮೊದಲು ನಾನು ಆಟಗಾರರ ಬೆನ್ನ ಹಿಂದೆ ನಿಂತು, ಕಣ್ಣಿಗೆ ಕಂಡದ್ದನ್ನು ಹೇಳುತ್ತಿದ್ದೆ; ಅವರು ನಂಬಿದರೆ ನಂಬಿದರು. ಈಗ ಮೊಬೈಲಿನಲ್ಲಿ ವಿಡಿಯೋ ಹಿಡಿದು, ನಿಧಾನವಾಗಿ ಓಡಿಸಿ, ಇಲ್ಲಿ ನೋಡಿ ಎಂದು ಅವರದೇ ಮೈಯನ್ನು ಅವರಿಗೆ ತೋರಿಸುತ್ತೇವೆ. ಮುಂದಿನ ವಾರ ಸುಮಿತ್ರಾಬಾಯಿಯವರು ತಾವೇ ನನ್ನನ್ನು ಕರೆದು, ಎಲ್ಲಿ ತಪ್ಪುತ್ತಿದೆ ನೋಡಿ ಹೇಳಿ ಎಂದರು. ನಾನು ಹತ್ತು ಪಟ್‌ಗಳ ವಿಡಿಯೋ ಮಾಡಿಕೊಂಡೆ. ನೋಡಿ ನಾಳೆ ಹೇಳುತ್ತೇನೆ ಎಂದೆ.

ಸಂಜೆ ಕೆಲಗೇರಿಯ ಮನೆಯಲ್ಲಿ ಕೂತು ನೋಡಿದೆ. ಭುಜ ಸರಿಯಿತ್ತು, ನಿಲುವು ಸರಿಯಿತ್ತು, ಕಣ್ಣು ಚೆಂಡಿನ ಮೇಲೇ ಇತ್ತು. ಕೋಲು ಅಲುಗುವ ಮುಂಚೆ, ಅವರು ಸುಮ್ಮನೆ ನಿಂತಿದ್ದಾಗ, ಬಲಗೈಯ ಹೆಬ್ಬೆರಳು ಮಿಡಿಯುತ್ತಿತ್ತು. ಹತ್ತು ಸಲವೂ. ನನ್ನ ಹೆಂಡತಿ ಗಿರಿಜಾ ಕಾಳು ಆರಿಸುತ್ತ ಪಕ್ಕದಲ್ಲಿ ಕೂತಿದ್ದಳು. ಬಗ್ಗಿ ನೋಡಿ ಇದು ಯಾರ ಕೈ ಎಂದು ಕೇಳಿದಳು. ಹೇಳಿದೆ. ಅವಳ ತಂದೆಯ ಕಾಯಿಲೆಯೂ ಹೀಗೇ ಹೆಬ್ಬೆರಳಿನಿಂದ ಶುರುವಾಗಿತ್ತು. ಆರು ವರ್ಷ ಅವರಿಗೆ ಉಣ್ಣಿಸಿದವಳು ಅವಳು. ಅವಳು ಕಾಳಿನ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ನಾನು ಬಡಿಗ, ಗಾಲ್ಫ್ ಮಾಸ್ತರ. ಡಾಕ್ಟರಿಗೆ ನಿಮಗೆ ರೋಗ ಇರಬಹುದು ಎಂದು ಹೇಳಲು ನಾನು ಯಾರು? ಹೇಳದೇ ಇದ್ದರೆ, ಆ ಕೈ ನಾಳೆ ಯಾರದೋ ಹೊಟ್ಟೆಯೊಳಗೆ ಇರುತ್ತದೆ. ಮೊಬೈಲಿನಲ್ಲಿ ಅವರಿಗೆ ಬರೆಯಲು ಕೂತೆ. ಬರೆದೆ, ಅಳಿಸಿದೆ. ಮತ್ತೆ ಬರೆದೆ, ಅದೂ ಸರಿಹೋಗಲಿಲ್ಲ. ಬೆಳಿಗ್ಗೆ ಎದ್ದು, ಒಂದಕ್ಷರವನ್ನೂ ಬರೆಯದೆ, ವಿಡಿಯೋ ಮಾತ್ರ ಕಳಿಸಿದೆ. ನೋಡಿದರೆ ಅವರಿಗೇ ತಿಳಿಯುತ್ತದೆ, ನಾನು ಬಾಯಿಬಿಟ್ಟು ಹೇಳುವ ಕಷ್ಟ ತಪ್ಪಿತು ಎಂದುಕೊಂಡೆ. ನನ್ನ ಇಡೀ ನೌಕರಿಯಲ್ಲಿ ಮಾಡಿದ ಅತಿ ದೊಡ್ಡ ತಪ್ಪು ಇದು. ಕೋಲು ಮುರಿದದ್ದು ಇದರ ಮುಂದೆ ಏನೂ ಅಲ್ಲ.

ಒಂದು ಗಂಟೆಯ ಮೇಲೆ ಅವರ ಫೋನು ಬಂತು. ಇದನ್ನು ಯಾಕೆ ಕಳಿಸಿದಿರಿ ಎಂದು ಕೇಳಿದರು. ನೋಡ್ರಿ ಅಂತ ಕಳಿಸಿದೆ ಎಂದೆ. ಇನ್ನು ಯಾರ‍್ಯಾರು ನೋಡಿದ್ದಾರೆ ಎಂದರು. ನನ್ನ ಹೆಂಡತಿ ಎಂದೆ. ಆಟ ಕಲಿಸುವವರು ಆಟ ಕಲಿಸಿದರೆ ಸಾಕು ಎಂದು ಹೇಳಿ ಫೋನು ಇಟ್ಟರು. ಅವರ ದನಿ ಅಷ್ಟು ಗಟ್ಟಿಯಾದದ್ದನ್ನು ನಾನು ಕೇಳಿರಲಿಲ್ಲ.

ಎರಡು ತಿಂಗಳು ಅವರು ಬರಲಿಲ್ಲ. ಆಪರೇಶನ್ ಮಾಡುವುದನ್ನು ಬಿಟ್ಟಿದ್ದಾರೆ ಎಂದು ಯಾರೋ ಹೇಳಿದರು. ಅದನ್ನು ಕೇಳಿ ನನಗೆ ಸಮಾಧಾನವೂ ಆಯಿತು, ನಾನೇ ಅವರ ಕೈಯನ್ನು ಕಿತ್ತುಕೊಂಡೆನೇನೋ ಎಂಬ ಸಂಕಟವೂ ಆಯಿತು. ಯಲ್ಲಪ್ಪ ಪ್ರತಿ ಮಂಗಳವಾರ ಅವರ ಚೀಲವನ್ನು ಹೊರಗೆ ತಂದು, ಕೋಲುಗಳನ್ನು ಒರೆಸಿ, ಮತ್ತೆ ಒಳಗಿಡುತ್ತಿದ್ದ.

ಒಂದು ಮಧ್ಯಾಹ್ನ ಅವರು ಬಂದರು. ಆಟದ ಬಟ್ಟೆ ಹಾಕಿರಲಿಲ್ಲ, ಸೀರೆ ಉಟ್ಟಿದ್ದರು. ನನ್ನನ್ನು ದಾಟಿ ನೇರವಾಗಿ ಬೇವಿನ ಮರದ ಕೆಳಗೆ ಕ್ಯಾಡಿಗಳು ಕೂರುವ ಕಟ್ಟೆಗೆ ಹೋದರು. ಯಲ್ಲಪ್ಪ ಎದ್ದು ನಿಂತ. ಉಳಿದವರೂ ಎದ್ದರು. ಬೇರೆಯವರು ಇದ್ದಾರೆಂದು ಅವರು ದನಿ ತಗ್ಗಿಸಲಿಲ್ಲ.

"ಆವತ್ತ ಮೋಡ ಇತ್ತು, ಯಲ್ಲಪ್ಪ. ನೆರಳು ಎಲ್ಲಿಂದ ಬರಬೇಕು? ನನ್ನ ಕೈ ನಡಗಿತ್ತು. ತಪ್ಪು ನಂದು."

ಯಲ್ಲಪ್ಪ ಚೀಲ ತರಲೇ ಎಂದು ಕೇಳಿದ. ಇವತ್ತು ಬೇಡ ಎಂದು ಹೇಳಿ ಅವರು ನನ್ನ ಹತ್ತಿರ ಬಂದು ಬೆಂಚಿನ ಮೇಲೆ ಕೂತರು. ಬಲಗೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ಎಡಗೈ ಇಟ್ಟುಕೊಂಡಿದ್ದರು.

ಅವರು ಹೇಳಿದ್ದು ಇಷ್ಟು. ಕೈಯ ವಿಷಯ ಅವರಿಗೆ ಮೊದಲೇ ಅನುಮಾನವಿತ್ತು. ಆಸ್ಪತ್ರೆಯಲ್ಲಿ ಅದು ಇನ್ನೂ ತೋರಿರಲಿಲ್ಲ. ಹಾಗಾಗಿ ತಮ್ಮ ಕೈಯನ್ನು ಪರೀಕ್ಷೆ ಮಾಡಲು ಮೈದಾನಕ್ಕೆ ಬರುತ್ತಿದ್ದರು. ಇಲ್ಲಿ ತಪ್ಪಿದರೆ ಯಾರ ಪ್ರಾಣಕ್ಕೂ ಅಪಾಯವಿಲ್ಲ. ಪ್ರತಿ ಚೆಂಡೂ ಅವರಿಗೊಂದು ರಿಪೋರ್ಟು. ಬಿದ್ದರೆ ಇನ್ನೊಂದು ವಾರ ಆಪರೇಶನ್ ಮಾಡಬಹುದು, ತಪ್ಪಿದರೆ ಬಿಡಬೇಕು. ತಪ್ಪಿದಾಗಲೆಲ್ಲ ಹುಲ್ಲು ಸರಿಯಿಲ್ಲ, ಗಾಳಿ ಬೀಸಿತು, ನೆರಳು ಬಿತ್ತು ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ನನ್ನ ವಿಡಿಯೋ ಬಂದಾಗ ಅವರು ಆಪರೇಶನ್ ಥಿಯೇಟರಿನ ಹೊರಗೆ ಕೈ ತೊಳೆಯಲು ನಿಂತಿದ್ದರು. ಅದನ್ನು ಎರಡು ಸಲ ನೋಡಿದರು. ಒಳಗೆ ಹೋಗಲಿಲ್ಲ, ತಮ್ಮ ಕೈಕೆಳಗಿನ ಡಾಕ್ಟರನ್ನು ಕಳಿಸಿದರು. ಆಮೇಲೆ ನನಗೆ ಫೋನು ಮಾಡಿದರು.

ನಾನು ತಪ್ಪಾಯಿತು ಎಂದೆ.

"ಕಳಿಸಿದ್ದು ತಪ್ಪಲ್ಲ" ಎಂದರು. "ಆದ್ರ ಒಂದ ಮಾತು ಬರೀಬೇಕಾಗಿತ್ರಿ ಮಾಸ್ತರ್ರ. ನೀವು ಬರೇ ನನ್ನ ಕೈ ಕಳಿಸಿದ್ರಿ. ಕೆಟ್ಟ ರಿಪೋರ್ಟು ಬಂದ್ರ ನಾವು ಪೇಶಂಟಿನ ಕೈಯಾಗ ಕೊಟ್ಟು ಕಳಸೂದಿಲ್ಲ. ಕೂಡ್ರಿಸಿ, ಎದುರಿಗೆ ಕೂತು ಹೇಳ್ತೀವಿ."

ಹೊಸಬರಿಗೆ ನಾನು ಇದೊಂದನ್ನು ಕೈ ಮುಗಿದು ಹೇಳುತ್ತೇನೆ: ನಿಮ್ಮ ಮೊಬೈಲು ಎಲ್ಲವನ್ನೂ ತೋರಿಸುತ್ತದೆ, ತೋರಿಸಿದ ಮೇಲೆ ಪಕ್ಕದಲ್ಲಿ ಕೂರಬೇಕಾದವರು ನೀವು.

ಅವರು ಮತ್ತೆ ಬರತೊಡಗಿದರು. ಮುಂಜಾನೆ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ, ಸಂಜೆ ಇಲ್ಲಿ. ಕೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದೆ, ಎಡಗೈ ಕೆಳಗೆ ಬಲಗೈ ಮೇಲೆ ಹಿಡಿಯಲು ಹೇಳಿಕೊಟ್ಟೆ. ಇಪ್ಪತ್ತು ವರ್ಷದ ರೂಢಿ ಬಿಟ್ಟು ಮೊದಲಿನಿಂದ ಕಲಿಯಬೇಕಾಯಿತು. ಕೆಲವು ದಿನ ಔಷಧ ಹಿಡಿಯುತ್ತಿತ್ತು, ಕೆಲವು ದಿನ ಇಲ್ಲ. ಹಿಡಿಯದ ದಿನ ಹತ್ತಕ್ಕೆ ಹತ್ತೂ ತಪ್ಪುತ್ತಿದ್ದವು. ಆಗೆಲ್ಲ ಕಣ್ಣು ಮುಚ್ಚಿ ಒಂದು ಉಸಿರು ತೆಗೆದುಕೊಂಡು ಮತ್ತೆ ನಿಲ್ಲುತ್ತಿದ್ದರು. ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಮುಖ ಕೆಂಪಾಗುತ್ತಿತ್ತು, ಆದರೆ ಅದನ್ನು ಯಾರ ಮೇಲೂ ಹಾಕುತ್ತಿರಲಿಲ್ಲ. ಮೊದಲಿದ್ದ ಶಾಂತ ಸ್ವಭಾವ ಅವರಿಗೆ ಹುಟ್ಟಿನಿಂದ ಬಂದದ್ದು. ಇದನ್ನು ಅವರು ದಿನದಿನವೂ ದುಡಿದು ಗಳಿಸುತ್ತಿದ್ದರು.

ನನ್ನ ನಿವೃತ್ತಿಗೆ ಹನ್ನೊಂದು ದಿನ ಇದ್ದಾಗ ವಾರ್ಷಿಕ ಸ್ಪರ್ಧೆ ನಡೆಯಿತು. ಸುಮಿತ್ರಾಬಾಯಿಯವರು ಹೆಸರು ಕೊಟ್ಟಿದ್ದು ಕಂಡು ಕೆಲವರು ನನ್ನ ಹತ್ತಿರ ಬಂದು, ಬೇಡವೆಂದು ಹೇಳಿ ಮಾಸ್ತರ, ಎಲ್ಲರ ಮುಂದೆ ಅವರಿಗೆ ಮುಜುಗರವಾದೀತು ಎಂದರು. ನಾನು ಹೇಳಲಿಲ್ಲ. ಅವರ ಜೋಡಿ ಅಂದಾನೆಪ್ಪನವರು.

ಕೊನೆಯ ಕುಳಿಯ ಹತ್ತಿರ ಅಂಕ ಬರೆಯಲು ನಾನೇ ಪೆನ್ಸಿಲು ಹಿಡಿದು ನಿಂತಿದ್ದೆ. ಸುತ್ತ ಮೂವತ್ತು ನಲವತ್ತು ಜನ. ಆರನೆಯ ಏಟಿಗೆ ಸುಮಿತ್ರಾಬಾಯಿಯವರ ಚೆಂಡು ಕುಳಿಯಿಂದ ಒಂದು ಗೇಣಿನಷ್ಟು ದೂರ ಬಂದು ನಿಂತಿತು. ಕೈ ಆ ದಿನ ಕೆಟ್ಟಿತ್ತು, ದೂರದಿಂದಲೇ ಕಾಣುತ್ತಿತ್ತು. ಅಂದಾನೆಪ್ಪನವರು ತಮ್ಮ ಸಣ್ಣ ದನಿಯಲ್ಲಿ, ಅದು ಬಿದ್ದ ಹಾಗೆಯೇ, ಎತ್ತಿಕೊಂಡುಬಿಡಿ ಎಂದರು. ಗೆಳೆಯರ ಆಟದಲ್ಲಿ ಅಂಥ ರೂಢಿ ಉಂಟು, ಸ್ಪರ್ಧೆಯಲ್ಲಿ ಇಲ್ಲ. ಸುಮಿತ್ರಾಬಾಯಿಯವರು ತಲೆ ಅಲ್ಲಾಡಿಸಿ ಚೆಂಡಿನ ಮೇಲೆ ಬಗ್ಗಿದರು. ಚೆಂಡು ಕುಳಿಯ ಪಕ್ಕದಿಂದ ಹೋಯಿತು. ಆ ಕಡೆಯಿಂದ ಹೊಡೆದರು, ಮತ್ತೆ ತಪ್ಪಿತು. ಯಲ್ಲಪ್ಪ ಮುಖ ತಿರುಗಿಸಿಕೊಂಡಿದ್ದ. ಅವರು ನೆಟ್ಟಗೆ ನಿಂತು, ಕೈ ಸಡಿಲ ಬಿಟ್ಟು, ಕಾಯ್ದು, ಮತ್ತೆ ಬಗ್ಗಿದರು. ಈ ಸಲ ಬಿತ್ತು.

ನಾನು ಚೀಟಿಯಲ್ಲಿ ಎಂಟು ಎಂದು ಬರೆದೆ. ನನ್ನ ಎಣಿಕೆ ತಪ್ಪಿರಲಿಲ್ಲ, ಒಂಬತ್ತೆಂದು ಗೊತ್ತಿತ್ತು. ನನ್ನ ಕೈಯೇ ಹಾಗೆ ಬರೆಯಿತು.

ಅವರು ಸಹಿ ಹಾಕಲು ಚೀಟಿ ತೆಗೆದುಕೊಂಡು ನೋಡಿದರು. ನನ್ನ ಕಿವಿಗಷ್ಟೇ ಕೇಳುವಂತೆ, "ಒಂಬತ್ತು ಬರೀರಿ ಮಾಸ್ತರ್ರ" ಎಂದರು. ನಾನು ಅಳಿಸಿ ಒಂಬತ್ತು ಎಂದು ಬರೆದೆ. ಅವರು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ನಿಧಾನವಾಗಿ ಸಹಿ ಹಾಕಿದರು. ಸ್ಪರ್ಧೆಯಲ್ಲಿ ಎಲ್ಲರಿಗಿಂತ ಕೊನೆಗೆ ಬಂದರು. ಬಹುಮಾನ ಕೊಡುವಾಗ ಮುಂದಿನ ಸಾಲಿನಲ್ಲಿ ಕೂತು ಗೆದ್ದವರಿಗೆ ಚಪ್ಪಾಳೆ ಹೊಡೆದರು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಗೇಟು ತೆರೆಯಲು ಹೋದಾಗ ಅವರ ಕಾರು ಹೊರಗೆ ನಿಂತಿತ್ತು. ಸ್ಪರ್ಧೆಯ ಮರುದಿನ ಯಾರೂ ಬರುವುದಿಲ್ಲ. ಏನಾದರೂ ಮರೆತು ಹೋಗಿದ್ದಿರೇ ಎಂದು ಕೇಳಿದೆ.

"ನಿನ್ನೆ ಒಂಬತ್ತು ಆತಲ್ರಿ" ಎಂದರು ಸುಮಿತ್ರಾಬಾಯಿ, ಕಾರಿನಿಂದ ಇಳಿಯುತ್ತ. "ಎಂಟು ಮಾಡೋಣು ಬರ್ರಿ."